ಕೈಗಡ ಕೊಟ್ಟ ಬಂದೂಕು

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡು ಬೆಳೆದ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಕೈಗಡ ಕೊಡುವದು ಪುರಾತನವಾದ ಗ್ರಾಮಧರ್ಮವು. ಬಿತ್ತುವ ಹಂಗಾಮಿನಲ್ಲಿ ಕೂರಿಗೆ, ಸುಗ್ಗಿಯಲ್ಲಿ ಚಕ್ಕಡಿ, ಮದುವೆಯಲ್ಲಿ ಹಂಡೆ ಕೊಪ್ಪರಿಗೆಗಳು ಮನೆಯಿಂದ ಮನೆಗೆ ಹೋಗುತ್ತವೆ. ಬೇಡಿದವನಿಗೆ ಇಲ್ಲವೆನ್ನುವದು ಸಣ್ಣತನವೆಂದು ಹಿರಿಯರು ತಿಳಿಯುತ್ತಿದ್ದರು. ಗೆಳೆಯನೊಬ್ಬನು ಬಂದು ಬೇಟೆಗಾಗಿಯೋ ಹಂದಿ ಕಾಯುವದಕ್ಕಾಗಿಯೋ ಬಂದೂಕನ್ನು ಕೇಳಿದರೆ, ಅದೂ ಈ ಕೈಗಡದ ವರ್ಗಕ್ಕೆ ಸೇರತಕ್ಕದ್ದೇ ಎಂಬದು ವಿಚಾರಾರ್ಹವಾದ ಪ್ರಶ್ನೆಯು. ಇದಕ್ಕೆ ನಮ್ಮ ಶಾಸ್ತ್ರಗಳೂ, ನಮ್ಮ ಪ್ರಾಂತದ ಇತಿಹಾಸವೂ, ಇಂದಿನ ಕಾಯದೆಯೂ ಒಂದೇ ಉತ್ತರವನ್ನು ಕೊಡುತ್ತವೆಂದು ತೋರಿಸುವದು ಈ ಲೇಖನದ ಉದ್ದೇಶವು.

ಬೇಡಿ ತಂದ ವಸ್ತುವಿಗೆ ಧರ್ಮಶಾಸ್ತ್ರದಲ್ಲಿ 'ಯಾಚಿತ'ವೆಂದು ಹೆಸರು. ಯಾಜ್ಞವಲ್ಕ್ಯ ಸ್ಮೃತಿಯು ವ್ಯವಹಾರಾಧ್ಯಾಯದಲ್ಲಿ ಇದನ್ನು ನಿಕ್ಷೇಪ, ನ್ಯಾಸಗಳೊಡನೆ ಸೇರಿಸಿ, ಇವೆಲ್ಲಕ್ಕೂ ಒಂದೇ ವಿಧಿಯನ್ನು ಹೇಳುತ್ತದೆ. ಆ ವಿಧಿಯ ತಿರುಳು ವಸ್ತುವು ಇದ್ದಂತೆ ಮರಳಿ ಬರಬೇಕೆಂಬದು. ಕೊಪ್ಪರಿಗೆ ಒಡೆದರೆ ಅದರ ಬೆಲೆಯನ್ನು ತುಂಬಿಕೊಟ್ಟು ಋಣಮುಕ್ತರಾಗಬಹುದು. ಬಂದೂಕಿನ ವಿಷಯದಲ್ಲಿಯಾದರೋ ವಸ್ತುವು ಕೂದಲೂ ಕೊಂಕದೆ ಮರಳಿ ಬಂದು, ಅದರಿಂದ ಹೋದ ಜೀವವು ಮಾತ್ರ ಮರಳಿ ಬಾರದೆ ಇರಬಹುದು. ಆದುದರಿಂದಲೇ ಕೌಟಿಲ್ಯನು ಆಯುಧಗಳಿಗೆ ಬೇರೆಯ ಕಟ್ಟಳೆಯನ್ನೇ ಮಾಡಿದನು. ಅರ್ಥಶಾಸ್ತ್ರದ ಪ್ರಕಾರ ಆಯುಧಗಳು ರಾಜಚಿಹ್ನೆಯನ್ನು ಹೊಂದಿಯೇ ಆಯುಧಾಗಾರವನ್ನು ಸೇರಬೇಕು. ಮುದ್ರೆಯ ಅಪ್ಪಣೆಯುಳ್ಳವರ ಹೊರತು ಉಳಿದವರು ಆಯುಧವಿಲ್ಲದೆ ತಿರುಗಬೇಕು. ಕಳೆದರೆ ಅಥವಾ ಕೆಡಿಸಿದರೆ ಇಮ್ಮಡಿ ತೆರಬೇಕು. ಗುರುತಿನ ಅಂಕೆ, ಅಧಿಕಾರಿಯ ಮುದ್ರೆ, ಹೊಣೆಗಾರನಾದ ಒಬ್ಬ ಮನುಷ್ಯ, ಈ ಮೂರನ್ನೂ ಆಂಗ್ಲರು ನಮಗೆ ಹೊಸದಾಗಿ ಕಲಿಸಿದರೆಂಬದು ಸರಿಯಲ್ಲ.

ಒಬ್ಬರ ಆಯುಧವು ಇನ್ನೊಬ್ಬರ ಕೈಸೇರಿದಾಗ ಏನಾಗುವದೆಂಬದನ್ನು ವಾಲ್ಮೀಕಿಗಳು ಅರಣ್ಯಕಾಂಡದಲ್ಲಿ ಸೀತಾದೇವಿಯ ಬಾಯಿಂದ ಹೇಳಿಸಿದ್ದಾರೆ. ಇಂದ್ರನು ಯೋಧನ ವೇಷದಿಂದ ಒಬ್ಬ ತಪಸ್ವಿಯ ಆಶ್ರಮಕ್ಕೆ ಬಂದು, ತನ್ನ ಖಡ್ಗವನ್ನು ನ್ಯಾಸವಾಗಿ ಇಟ್ಟುಹೋದನು. ಪರರ ವಸ್ತುವೆಂದು ಆ ತಪಸ್ವಿಯು ಅದನ್ನು ಕಣ್ಣಿಗೆ ಕಣ್ಣಿಟ್ಟು ಕಾಯುತ್ತ, ಕಂದಮೂಲಗಳಿಗಾಗಿ ಹೋಗುವಾಗಲೂ ಜೊತೆಗೆ ಒಯ್ಯತೊಡಗಿದನು. ಒಯ್ಯುತ್ತ ಒಯ್ಯುತ್ತ ಮನಸ್ಸು ಕ್ರೂರವಾಯಿತು, ತಪಸ್ಸು ಜಾರಿತು, ಕೊನೆಗೆ ನರಕವೇ ಪ್ರಾಪ್ತವಾಯಿತು. ಆ ತಪಸ್ವಿಯು ಕಳ್ಳನಲ್ಲ, ದುಷ್ಟನೂ ಅಲ್ಲ. ಸತ್ಯಶೀಲನೂ ಶುಚಿಯೂ ಆಗಿದ್ದನು. ನಮ್ಮ ಗೆಳೆಯನು ಒಳ್ಳೆಯವನೆಂಬ ಒಂದೇ ಕಾರಣಕ್ಕಾಗಿ ಆಯುಧ ಕೊಡುವವರು ಈ ಕಥೆಯನ್ನು ಎರಡು ಸಲ ಓದತಕ್ಕದ್ದು.

ಇನ್ನು ನಮ್ಮ ಪ್ರಾಂತದ ಇತಿಹಾಸ. ಪೇಶವೆಯವರ ಕಾಲದಲ್ಲಿ ಈ ದಕ್ಷಿಣ ಮರಾಠಾ ಸೀಮೆಯಲ್ಲಿ ಆಯುಧವು ಸೇವೆಗೆ ಅಂಟಿಕೊಂಡಿತ್ತು. ಹೊಲವನ್ನು ಇನಾಮಾಗಿ ಉಂಡು ಊರನ್ನೂ ಕೋಟೆಯನ್ನೂ ಕಾಯುವ ಶೇತಸನದಿಗಳು ಹಳ್ಳಿಹಳ್ಳಿಗೂ ಇದ್ದರು. ಅವರ ಬಂದೂಕಿಗೆ ಊರೇ ಸಾಕ್ಷಿ, ದೇಸಾಯಿಯೇ ಹೊಣೆ. ಆ ಒಡೆಯರು ಅಳಿದಾಗ ಹೊಣೆಯೂ ಅಳಿಯಿತು. ನಿಪ್ಪಾಣಿಯ ದೇಸಾಯಿ ಸಿದ್ಧೋಜಿರಾವ ನಿಂಬಾಳಕರರು ೧೮೩೯ರಲ್ಲಿ ಗಂಡುಸಂತಾನವಿಲ್ಲದೆ ತೀರಿಕೊಳ್ಳಲು, ಸಂಸ್ಥಾನವು ಕಂಪನಿ ಸರಕಾರದ ವಶವಾಯಿತು. ೧೮೪೧ರಲ್ಲಿ ಅದೇ ಕೋಟೆಯಲ್ಲಿ ಅರಬ ಸಿಪಾಯಿಗಳು ಸೇರಿ ದಂಗೆಯೆದ್ದರು. ಆಯುಧವು ಉಳಿದು, ಅದಕ್ಕೆ ಉತ್ತರ ಹೇಳುವವನು ಇಲ್ಲದಾದಾಗ ಊರಿಗೆ ಒದಗುವ ಗತಿಯು ಇದು.

೧೮೫೭ರ ಸಪ್ಟಂಬರದಲ್ಲಿ ಸರಕಾರವು ನಿಶ್ಶಸ್ತ್ರೀಕರಣದ ಕಾಯದೆಯನ್ನು ಹೊರಡಿಸಿತು. ಪರವಾನಿಗೆಯಿಲ್ಲದವರು ಆಯುಧಗಳನ್ನು ಒಪ್ಪಿಸಬೇಕೆಂಬ ಅಪ್ಪಣೆಯು ಮುಧೋಳ ಸಂಸ್ಥಾನಕ್ಕೂ ಮುಟ್ಟಿತು. ಅಲ್ಲಿಯ ಹಲಗಲಿ ಗ್ರಾಮದ ಬೇಡರಿಗೆ ಆಯುಧವೆಂದರೆ ಬೇಟೆಯ ಜೀವನ, ಕುಲದ ಮಾನ. ಅವರು ಒಪ್ಪಿಸಲಿಲ್ಲ. ನವಂಬರದ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಅನೇಕರು ಅಲ್ಲಿಯೇ ಮಡಿದರು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಆ ದುಃಖವು ಲಾವಣಿಯಾಗಿ ಜನರ ಬಾಯಲ್ಲಿ ಉಳಿದು, ಫ್ಲೀಟ್ ಸಾಹೇಬರ ಸಂಗ್ರಹದಲ್ಲಿಯೂ ಸೇರಿತು. ಮುಂದೆ ಲಾರ್ಡ್ ಲಿಟ್ಟನ್ನರ ಆಡಳಿತದಲ್ಲಿ ಬಂದ ೧೮೭೮ರ ಆಯುಧ ಕಾಯದೆಯು ಯುರೋಪಿಯನ್ನರಿಗೆ ರಿಯಾಯತಿಯನ್ನು ಕೊಟ್ಟು, ನಾಡವರನ್ನು ಮಾತ್ರ ಸಂಶಯದಿಂದ ನೋಡಿತು. ಅದನ್ನು ರಾಷ್ಟ್ರೀಯ ಸಭೆಯು ೧೮೮೭ರ ಮದ್ರಾಸ ಅಧಿವೇಶನದಿಂದಲೇ ಖಂಡಿಸುತ್ತ ಬಂದಿತು.

ಇಲ್ಲಿ ನಾವು ಒಂದು ವಿವೇಕವನ್ನು ಮಾಡಬೇಕಾಗುತ್ತದೆ. ಹಲಗಲಿಯ ನೆನಪಿನಿಂದ ನಮ್ಮ ಜನರಲ್ಲಿ ಪರವಾನಿಗೆಯೆಂದರೆ ಪರಕೀಯರ ಬೇಡಿ, ಅದನ್ನು ಮೀರುವದೇ ಪೌರುಷವೆಂಬ ಭಾವನೆಯು ಎಲ್ಲೋ ಉಳಿದಿದೆ. ಹಲಗಲಿಯವರು ಕಾದಿದ್ದು ತಮ್ಮ ಆಯುಧವು ತಮ್ಮ ಕೈಯಲ್ಲಿಯೇ ಇರಬೇಕೆಂದು. ಅದನ್ನು ಕಂಡವರ ಕೈಗೆ ಕೊಡಬೇಕೆಂದಲ್ಲ. ಅವರ ಹೆಸರನ್ನು ಹೇಳಿ ಸ್ವತಂತ್ರ ದೇಶದ ಕಾಯದೆಯನ್ನು ಹಗುರಾಗಿ ನೋಡುವದು ಅವರಿಗೆ ಮಾಡುವ ಗೌರವವಲ್ಲ.

ನಮ್ಮ ಲೋಕಸಭೆಯೇ ಮಾಡಿದ ೧೯೫೯ರ ಆಯುಧ ಅಧಿನಿಯಮವು ಪರವಾನಿಗೆಯನ್ನು ಮನುಷ್ಯನಿಗೆ ಕೊಡುತ್ತದೆ, ಮನೆಗಲ್ಲ, ಬಳಗಕ್ಕೂ ಅಲ್ಲ. ಪರವಾನಿಗೆಯಿಲ್ಲದ ಇನ್ನೊಬ್ಬನು ಬಂದೂಕನ್ನು ಒಯ್ಯಬೇಕಾದರೆ ಒಡೆಯನ ಸಮಕ್ಷಮದಲ್ಲಿ, ಅಥವಾ ಅವನ ಲಿಖಿತ ಅಧಿಕಾರದಿಂದ ಒಯ್ಯಬೇಕು. ಅದೂ ದುರಸ್ತಿಗಾಗಿ, ಪರವಾನಿಗೆಯ ನವೀಕರಣಕ್ಕಾಗಿ, ಇಲ್ಲವೆ ಆ ಒಡೆಯನ ಉಪಯೋಗಕ್ಕಾಗಿ ಮಾತ್ರ. ಗೆಳೆಯನ ಬೇಟೆಯು ಇವುಗಳಲ್ಲಿ ಯಾವದೂ ಅಲ್ಲ. ತೆಗೆದುಕೊಳ್ಳುವವನಿಗೆ ಹಕ್ಕುಂಟೋ ಇಲ್ಲವೋ ಎಂದು ಮೊದಲೇ ಖಾತ್ರಿಮಾಡಿಕೊಳ್ಳದೆ ಕೊಡುವದೂ ಶಿಕ್ಷಾರ್ಹವಾದ ಅಪರಾಧ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಿಗೆಯ ವಿನಾಯಿತಿ ಉಂಟಷ್ಟೇ. ೨೦೧೯ರಲ್ಲಿ ಕೇಂದ್ರ ಸರಕಾರವು ಅದನ್ನು ೨೦೨೯ರವರೆಗೆ ಮುಂದುವರಿಸಿತು, ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಆ ವಿನಾಯಿತಿಯೂ ಪಡೆದವರ ಸ್ವಂತದ್ದು. ಅದಕ್ಕೆ ಪಾತ್ರನಲ್ಲದ ಅತಿಥಿಗೆ ಬಂದೂಕಿನೊಡನೆ ದಾಟಿ ಹೋಗುವಂಥದ್ದಲ್ಲ.

ಬೇಟೆಯ ಕಾಲವಂತೂ ಮುಗಿದಿದೆ. ಕೊಲ್ಹಾಪುರದ ಅರಸರು ಚೀತಾಗಳನ್ನು ಬಿಟ್ಟು ಕೃಷ್ಣಮೃಗಗಳನ್ನು ಬೇಟೆಯಾಡುತ್ತಿದ್ದರು. ರಾಯಬಾಗವು ಅದೇ ಸಂಸ್ಥಾನಕ್ಕೆ ಸೇರಿತ್ತು. ೧೯೪೯ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯದೆಯ ಮೇಲೆ ವಿನೋದದ ಬೇಟೆಯು ಅಪರಾಧವಾಗಿದೆ. ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯುವದಕ್ಕೂ ಅರಣ್ಯಾಧಿಕಾರಿಗಳ ಲಿಖಿತ ಅಪ್ಪಣೆ ಬೇಕು. ಅಪರಾಧದಲ್ಲಿ ಬಳಸಿ ಜಪ್ತಿಯಾದ ಆಯುಧವು ಸರಕಾರದ ಸ್ವತ್ತಾಗುತ್ತದೆ. ಗೆಳೆಯನು ಒಂದು ರಾತ್ರಿ ಮಾಡಿದ ತಪ್ಪಿಗೆ ಅಜ್ಜನ ಕಾಲದ ಬಂದೂಕು ಮನೆಯನ್ನು ಬಿಟ್ಟೇ ಹೋಗಬಹುದು. ಮದುವೆಯ ಮೆರವಣಿಗೆಯಲ್ಲಿ ಹರ್ಷಕ್ಕಾಗಿ ಅಜಾಗ್ರತೆಯಿಂದ ಗುಂಡು ಹಾರಿಸುವವರಿಗೂ ೨೦೧೯ರ ತಿದ್ದುಪಡಿಯು ಎರಡು ವರುಷಗಳವರೆಗಿನ ಸೆರೆ ಅಥವಾ ಒಂದು ಲಕ್ಷ ರೂಪಾಯಿಗಳವರೆಗಿನ ದಂಡ, ಇಲ್ಲವೆ ಎರಡನ್ನೂ ವಿಧಿಸಿದೆ.

ಕಾಯದೆಯ ಮಾತು ಒತ್ತಟ್ಟಿಗಿರಲಿ. ಆಯುಧದ ಸ್ವಭಾವವನ್ನು ನೋಡೋಣ. ಪ್ರತಿಯೊಂದು ಬಂದೂಕಿಗೂ ತನ್ನದೊಂದು ಗುಣ, ತನ್ನದೊಂದು ದೋಷ ಉಂಟು. ಕುದುರೆ ಎಷ್ಟು ಹಗುರವೆಂಬದು, ಚಾಪು ಎಲ್ಲಿ ಸಡಿಲವೆಂಬದು ಒಡೆಯನ ಬೆರಳಿಗೆ ಮಾತ್ರ ಗೊತ್ತು. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಬಂದೂಕಿನಲ್ಲಿ ಹಿಂದಿನ ಬಾರು ಉಳಿದದ್ದನ್ನು ಅರಿಯದೆ ಮತ್ತೊಂದನ್ನು ತುಂಬಿದರೆ ನಳಿಗೆಯು ಒಡೆದು ಹಿಡಿದವನ ಕೈಯನ್ನೇ ಒಯ್ಯುವದು. ಕರಿಮದ್ದಿಗಾಗಿ ಮಾಡಿದ ನಳಿಗೆಯಲ್ಲಿ ಹೊಗೆಯಿಲ್ಲದ ಮದ್ದಿನ ಕಾಡತೂಸನ್ನು ಹಾಕುವದೂ ಅಷ್ಟೇ ಅಪಾಯಕರ. ರೈಫಲಿನ ಗುಂಡು ಗುರಿ ತಪ್ಪಿದರೆ ಒಂದು ಮೈಲಿಗೂ ಮಿಕ್ಕಿ ಹೋಗಬಲ್ಲುದು. ನಮ್ಮ ಬಯಲು ಸೀಮೆಯಲ್ಲಿ ಅಷ್ಟರೊಳಗೆ ವಸತಿಯ ಮನೆಯಿಲ್ಲದ ದಿಕ್ಕು ವಿರಳ. ರಾತ್ರಿಯ ಕಬ್ಬಿನ ಗದ್ದೆಯಲ್ಲಿ ಎಲೆ ಸರಕ್ಕೆಂದರೆ ಹಂದಿಯೋ, ನೀರು ಹಾಯಿಸುವ ಮನುಷ್ಯನೋ ತಿಳಿಯದು. ಶಬ್ದವೇಧಿಯೆಂದು ಹೆಸರಾದ ದಶರಥನೇ ಸರಯೂತೀರದಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ತಪಸ್ವಿಕುಮಾರನನ್ನು ಕೊಂದನು. ಅದು ಅವನ ಸ್ವಂತ ಬಿಲ್ಲು, ಪಳಗಿದ ಕೈ. ಎರವಿನ ಆಯುಧ, ಪಳಗದ ಕೈಗಳ ಮಾತೇನು!

ಅಂಥ ಅನಾಹುತವಾದಾಗ ಮೊದಲು ಹೊರಬೀಳುವದು ಬಂದೂಕಿನ ಮೇಲಿನ ಅಂಕೆ; ಅಂಕೆಯಿಂದ ಒಡೆಯನ ಹೆಸರು. ಚುನಾವಣೆಯ ಸಮಯದಲ್ಲಿ ಆಯುಧವನ್ನು ಠಾಣೆಗೆ ಒಪ್ಪಿಸೆಂದು ಅಪ್ಪಣೆ ಬಂದರೂ ಉತ್ತರ ಹೇಳಬೇಕಾದವನು ಒಡೆಯನೇ. ಬಂದೂಕನ್ನು ಕೈಗಡ ಕೊಡುವವನು ತನ್ನ ಹೆಸರನ್ನೇ ಕೈಗಡ ಕೊಡುತ್ತಾನೆ. ಅದನ್ನು ಪಡೆದವನಿಗೂ ಹಿತವಿಲ್ಲ. ಪರವಾನಿಗೆಯಿಲ್ಲದೆ ಆಯುಧ ಹಿಡಿದ ಅಪರಾಧವು ಗುಂಡು ಹಾರುವ ಮೊದಲೇ ಅವನ ತಲೆಗೆ ಬರುತ್ತದೆ.

ಇಲ್ಲವೆಂದರೆ ಸ್ನೇಹ ಕೆಡುವದಲ್ಲವೇ ಎಂದು ಕೆಲವರು ಕೇಳಬಹುದು. ಹೊಲಕ್ಕೆ ಹಂದಿಯ ಕಾಟವಿದ್ದರೆ ಗೆಳೆಯನ ಪರವಾಗಿ ಅರಣ್ಯ ಕಚೇರಿಗೆ ಅರ್ಜಿಯನ್ನು ಬರೆದುಕೊಡೋಣ. ಅವನು ಯೋಗ್ಯನಿದ್ದರೆ ಬೆಳೆ ರಕ್ಷಣೆಯ ಪರವಾನಿಗೆಯನ್ನು ತಾನೇ ಪಡೆಯಲಿಕ್ಕೆ ನೆರವಾಗೋಣ. ರಾತ್ರಿಯೆಲ್ಲ ಅವನೊಡನೆ ಅಟ್ಟದ ಮೇಲೆ ಕುಳಿತು ತಮಟೆ ಬಾರಿಸಿ ಹೊಲ ಕಾಯೋಣ. ಇವೆಲ್ಲ ಸ್ನೇಹದ ಕೆಲಸಗಳೇ. ನಮ್ಮ ಹಿರಿಯರು ಖಂಡೇನವಮಿಯ ದಿನ ಆಯುಧವನ್ನು ದೇವರ ಮುಂದಿಟ್ಟು ಪೂಜಿಸಿದರು. ಹಂಡೆ ಕೊಪ್ಪರಿಗೆಗಳನ್ನು ಕೇಳಿದವರಿಗೆ ಕೊಟ್ಟ ಅದೇ ಉದಾರಿಗಳು, ಪೂಜೆಗೊಂಡ ವಸ್ತುವನ್ನು ಮಾತ್ರ ಮನೆಯ ಹೊಸ್ತಿಲು ದಾಟಿಸುವ ಮುನ್ನ ನೂರು ಸಲ ವಿಚಾರಿಸುತ್ತಿದ್ದರು. ಸುಜ್ಞರಾದ ವಾಚಕರು ಆ ವಿಚಾರವನ್ನು ತಮ್ಮ ಮನೆಗಳಲ್ಲಿಯೂ, ವಿಶೇಷವಾಗಿ ತರುಣರ ಮುಂದೆಯೂ, ಉಳಿಸಿಕೊಂಡು ಬರಲೆಂದು ಪ್ರಾರ್ಥಿಸುತ್ತೇನೆ.