‘ಅಡ್ವೈಸ್’ ಎಂಬ ಎರಡು ಪದಗಳ ಕಥೆ



ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬರಿಂದ ಪತ್ರ ಬಂದಿತು. ಮಗಳ ಮೇಲ್ವ್ಯಾಸಂಗದ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳುವುದು ಅವರ ಉದ್ದೇಶ. ಪತ್ರವೆಲ್ಲ ಇಂಗ್ಲಿಷಿನಲ್ಲಿತ್ತು, ಕೊನೆಯ ಸಾಲುಗಳು ಮಾತ್ರ ಕನ್ನಡದಲ್ಲಿದ್ದವು. ‘ಸಾರ್, ಸಲಹೆ ಕೊಡಿ ಎಂದು ಇಂಗ್ಲಿಷಿನಲ್ಲಿ ಬರೆಯಲು ಇಂದಿಗೂ ಕೈ ತಡೆಯುತ್ತದೆ. ಸಿ ಬರೆಯಬೇಕೋ ಎಸ್ ಬರೆಯಬೇಕೋ ಎಂಬ ಅಂಜಿಕೆ ಹೋಗಿಲ್ಲ. ಆದ್ದರಿಂದ ಕನ್ನಡದಲ್ಲಿ ಕೇಳುತ್ತಿದ್ದೇನೆ.’

ಅವರಿಗೀಗ ಐವತ್ತೈದು ದಾಟಿದೆ. ಪೀಣ್ಯದಲ್ಲಿ ಸ್ವಂತ ಕಾರ್ಖಾನೆ ನಡೆಸುತ್ತಾರೆ, ಹಲವು ಕುಟುಂಬಗಳಿಗೆ ಅನ್ನ ಕೊಟ್ಟಿದ್ದಾರೆ. ಅಂಥವರಿಗೆ ಒಂದು ಅಕ್ಷರದ ಭಯ! ಆ ಭಯವನ್ನು ಬಿತ್ತಿದವನು ಯಾರೆಂದು ಅವರು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಅದು ನಾನೇ.

1981ರ ಸುಮಾರಿಗೆ ರಾಜಾಜಿನಗರದ ಶಾಲೆಯೊಂದರಲ್ಲಿ ನಾನು ಎಂಟನೆಯ ತರಗತಿಗೆ ಇಂಗ್ಲಿಷ್ ಬೋಧಿಸುತ್ತಿದ್ದೆ. ನನ್ನ ಮುಂದೆ ಕುಳಿತವರು ಬಹುಪಾಲು ಗಿರಣಿ, ಕಾರ್ಖಾನೆಗಳ ಕಾರ್ಮಿಕರ ಮಕ್ಕಳು. ಮನೆಯಲ್ಲಿ ಇಂಗ್ಲಿಷ್ ಕೇಳಿದವರಲ್ಲ. ಐದನೆಯ ತರಗತಿಯಲ್ಲಿ ಮೊದಲ ಬಾರಿಗೆ ಆ ಲಿಪಿಯನ್ನು ಕಂಡವರು. ನನ್ನ ಮೇಜಿನ ಮೇಲೆ ಎರಡು ವಸ್ತುಗಳು ತಪ್ಪದೆ ಇರುತ್ತಿದ್ದವು: ಕೆಂಪು ಶಾಯಿಯ ಲೇಖನಿ ಮತ್ತು ರೆನ್ ಹಾಗೂ ಮಾರ್ಟಿನ್ ಅವರ ವ್ಯಾಕರಣ ಗ್ರಂಥ. 1930ರ ದಶಕದಲ್ಲಿ ಭಾರತದ ಶಾಲೆಗಳಿಗೆಂದು ರಚಿತವಾದ ಆ ಪುಸ್ತಕ ನಮ್ಮ ತಲೆಮಾರಿನ ಉಪಾಧ್ಯಾಯರಿಗೆ ವೇದವಾಕ್ಯವಾಗಿತ್ತು.

ಮಕ್ಕಳು ಮಾಡುತ್ತಿದ್ದ ತಪ್ಪುಗಳು ಮೂರು ಬಗೆಯವು. ‘ಮೈ ಫಾದರ್ ಅಡ್ವೈಸ್ಡ್ ಮಿ’ ಎಂಬಲ್ಲಿ ಕ್ರಿಯಾಪದಕ್ಕೆ ಸಿ ಬರೆಯುತ್ತಿದ್ದರು. ‘ಹಿ ಗೇವ್ ಮಿ ಗುಡ್ ಅಡ್ವೈಸ್’ ಎಂಬಲ್ಲಿ ನಾಮಪದಕ್ಕೆ ಎಸ್ ಬರೆಯುತ್ತಿದ್ದರು. ಮೂರನೆಯದು ‘ಮೆನಿ ಅಡ್ವೈಸಸ್’ ಎಂಬ ಬಹುವಚನ. ನಾನು ಕೆಂಪು ಗೀಟು ಎಳೆದು, ನೂರು ಸಲ ಬರೆದು ತರಲು ಹೇಳುತ್ತಿದ್ದೆ. ಮರುದಿನ ನೂರು ಸಲ ಸರಿಯಾಗಿ ಬರೆದು ತಂದ ಹುಡುಗ ನೂರೊಂದನೆಯ ಸಲ ತಪ್ಪಾಗಿ ಬರೆಯುತ್ತಿದ್ದ. ಆಗ ತರಗತಿಯ ಎದುರಿನಲ್ಲಿ ನಿಲ್ಲಿಸಿ ಹಾಸ್ಯ ಮಾಡುತ್ತಿದ್ದೆ. ಪತ್ರ ಬರೆದವರು ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಇಂಗ್ಲಿಷ್ ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಿದ್ದರು. ಅದನ್ನು ನಾನು ಶಿಸ್ತು ಎಂದು ಭಾವಿಸಿದ್ದೆ.

ಆ ಮೂರು ತಪ್ಪುಗಳೂ ಎಲ್ಲಿಂದ ಬಂದವು ಎಂಬ ಪ್ರಶ್ನೆಯನ್ನು ಆಗ ನಾನು ಕೇಳಿಕೊಳ್ಳಲಿಲ್ಲ. ನಿವೃತ್ತನಾದ ಮೇಲೆ ಬಿಡುವಿನಲ್ಲಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಪದದ ಚರಿತ್ರೆ. ಈ ಮಾತು ಇಂಗ್ಲಿಷಿನ ಸ್ವಂತ ಸೊತ್ತಲ್ಲ. ಹಳೆಯ ಫ್ರೆಂಚಿನಲ್ಲಿ ‘ಅವಿಸ್’ ಎಂದರೆ ಅಭಿಪ್ರಾಯ. ಅದರ ಮೂಲ ‘ಕಂಡದ್ದು, ತೋರಿದ್ದು’ ಎಂಬ ಅರ್ಥದ ಲ್ಯಾಟಿನ್ ಶಬ್ದ. ‘ನನಗೆ ಹೀಗೆ ತೋರುತ್ತದೆ’ ಎಂದು ನಾವು ಹೇಳುವುದಿಲ್ಲವೇ, ಅದೇ ಭಾವ. ಇಂಗ್ಲೆಂಡಿಗೆ ಬಂದ ಮೇಲೆ, ಸುಮಾರು 15ನೆಯ ಶತಮಾನದಲ್ಲಿ, ಲ್ಯಾಟಿನ್ನಿನ ಮಾದರಿಯನ್ನು ನೋಡಿ ಪಂಡಿತರು ನಡುವೆ ಒಂದು ‘ಡಿ’ ಸೇರಿಸಿದರು. ಕೊನೆಯ ಅಕ್ಷರ ಮಾತ್ರ ಬಹುಕಾಲ ಒಂದು ಕಡೆ ನಿಲ್ಲಲಿಲ್ಲ. 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ ಅವರ ನಿಘಂಟಿನಲ್ಲಿ ಸಿ ಇರುವ ನಾಮಪದ, ಎಸ್ ಇರುವ ಕ್ರಿಯಾಪದ ಎಂದು ಎರಡೂ ಪ್ರತ್ಯೇಕವಾಗಿ ಕಾಣುತ್ತವೆ. ಇಂಗ್ಲಿಷರೇ ಶತಮಾನಗಳ ಕಾಲ ಹೊಯ್ದಾಡಿದ ಅಕ್ಷರಕ್ಕಾಗಿ ನಾನು ಹದಿಮೂರು ವರ್ಷದ ಮಕ್ಕಳನ್ನು ನಿಲ್ಲಿಸುತ್ತಿದ್ದೆ.

ಆದರೆ ಇದು ಬರಿಯ ಕಾಗುಣಿತದ ಭೇದವಲ್ಲ, ಉಚ್ಚಾರಣೆಯ ಭೇದವೂ ಹೌದು. ನಾಮಪದದ ಕೊನೆಯಲ್ಲಿ ‘ಸ್’ ಧ್ವನಿ ಇದೆ. ಕ್ರಿಯಾಪದದ ಕೊನೆಯಲ್ಲಿರುವುದು ದುಂಬಿಯ ಝೇಂಕಾರದಂಥ ಧ್ವನಿ. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲದ ಕಾರಣ ‘ಜ’ಕಾರದ ಕೆಳಗೆ ಚುಕ್ಕೆ ಇಟ್ಟು ‘ಅಡ್ವೈಜ಼್’ ಎಂದು ಬರೆಯೋಣ. ಗಂಟಲಿನ ಮೇಲೆ ಬೆರಳಿಟ್ಟು ಎರಡನ್ನೂ ಉಚ್ಚರಿಸಿ ನೋಡಿ. ‘ಸ್’ ಎಂದಾಗ ಕಂಪನವಿಲ್ಲ, ‘ಜ಼್’ ಎಂದಾಗ ಕಂಪನವಿದೆ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಒಂದು ಅಘೋಷ, ಇನ್ನೊಂದು ಘೋಷ. ನಾವು ಕನ್ನಡಿಗರು ‘ರೋಸ್’, ‘ನ್ಯೂಸ್’, ‘ಚೀಸ್’ ಎಂದು ಎಲ್ಲ ಕಡೆಯೂ ‘ಸ್’ ಎಂದೇ ನುಡಿಯುತ್ತೇವೆ. ಅವುಗಳ ಇಂಗ್ಲಿಷ್ ಉಚ್ಚಾರಣೆಯಲ್ಲಿ ಇರುವುದು ಘೋಷ ಧ್ವನಿ. ಹೀಗೆ ನಮ್ಮ ಕಿವಿಗೆ ಎರಡೂ ‘ಅಡ್ವೈಸ್’ ಒಂದೇ ಆಗಿಬಿಟ್ಟವು. ಕಿವಿಗೆ ಕೇಳದ ಭೇದವನ್ನು ಕೈ ಹೇಗೆ ಬರೆಯಬೇಕು?

ಇಂಗ್ಲಿಷಿನಲ್ಲಿ ಈ ಭೇದ ಒಂದೇ ಪದಕ್ಕೆ ಸೀಮಿತವಲ್ಲ. ‘ಯೂಸ್’ ನಾಮಪದ, ‘ಯೂಜ಼್’ ಕ್ರಿಯಾಪದ. ‘ಹೌಸ್’ ಎಂದರೆ ಮನೆ, ‘ಹೌಜ಼್’ ಎಂದರೆ ಮನೆಯಲ್ಲಿ ಇರಿಸು. ಇವೆರಡರಲ್ಲೂ ಕಾಗುಣಿತ ಒಂದೇ, ಧ್ವನಿ ಬೇರೆ. ‘ಬಿಲೀಫ್’ ನಂಬಿಕೆಯಾದರೆ ‘ಬಿಲೀವ್’ ನಂಬು. ‘ಪ್ರೂಫ್’ ಮತ್ತು ‘ಪ್ರೂವ್’, ‘ಗ್ರೀಫ್’ ಮತ್ತು ‘ಗ್ರೀವ್’ ಕೂಡ ಹಾಗೆಯೇ. ಈ ಜೋಡಿಗಳಲ್ಲೆಲ್ಲ ನಾಮಪದದ ಕೊನೆ ಅಘೋಷ, ಕ್ರಿಯಾಪದದ ಕೊನೆ ಘೋಷ.

ಇದಕ್ಕೆ ಕಾರಣ ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿದೆ. ಅಂದಿನ ಕ್ರಿಯಾಪದಗಳಿಗೆ ಕೊನೆಯಲ್ಲಿ ಸ್ವರವುಳ್ಳ ಪ್ರತ್ಯಯವಿತ್ತು. ಮನೆಗೆ ‘ಹೂಸ್’, ಮನೆಯಲ್ಲಿ ಇರಿಸುವುದಕ್ಕೆ ‘ಹೂಸಿಯನ್’. ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ‘ಸ್’ ಮೃದುವಾಗಿ ಘೋಷವಾಯಿತು. ಮುಂದೆ ಕಾಲಕ್ರಮದಲ್ಲಿ ಪ್ರತ್ಯಯ ಉದುರಿಹೋಯಿತು, ಘೋಷ ಉಳಿಯಿತು. ಆಮೇಲೆ ಫ್ರೆಂಚಿನಿಂದ ಬಂದ ‘ಅಡ್ವೈಸ್’, ‘ಯೂಸ್’ ಮುಂತಾದ ಪದಗಳೂ ಅದೇ ಸಾಲಿನಲ್ಲಿ ನಿಂತವು.

ಇದು ನಿಮಗೆ ಕಠಿಣವೆನಿಸಿದರೆ ಎಂಟನೆಯ ತರಗತಿಯ ಆದೇಶ ಸಂಧಿಯನ್ನು ನೆನಪು ಮಾಡಿಕೊಳ್ಳಿ. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿದರೆ ಬೆಟ್ಟದಾವರೆ. ಎರಡು ಸ್ವರಗಳ ನಡುವೆ ಬಂದ ಕಕಾರ ಗಕಾರವಾಯಿತು, ತಕಾರ ದಕಾರವಾಯಿತು. ಹಳೆಯ ಇಂಗ್ಲಿಷಿನಲ್ಲಿ ನಡೆದದ್ದೂ ಇಂಥದೇ ಒಂದು ವ್ಯಾಪಾರ.

ಇನ್ನು ನನ್ನ ಕಣ್ಣು ತೆರೆಸಿದ ಸಂಗತಿ. ಕೆಲವು ವರ್ಷಗಳ ಹಿಂದೆ ಮೊಮ್ಮಗಳು ಅಂಗಳದಿಂದ ಕೂಗಿದಳು, ‘ತಾತ, ಆಟ ಆಡೋಣ ಬಾ.’ ಸಾವಿರ ಸಲ ಕೇಳಿದ ಮಾತು. ಅಂದು ಮಾತ್ರ ಕಿವಿಯಲ್ಲಿ ನಿಂತುಬಿಟ್ಟಿತು. ಆಡು ಕ್ರಿಯೆ, ಆಟ ನಾಮ. ಓಡು, ಓಟ. ನೋಡು, ನೋಟ. ಕೂಡು, ಕೂಟ. ಕಾಡು, ಕಾಟ. ಹೋರಾಡು, ಹೋರಾಟ. ಕ್ರಿಯೆಯಲ್ಲಿ ಘೋಷವಾದ ಡಕಾರ, ನಾಮದಲ್ಲಿ ಅಘೋಷವಾದ ಟಕಾರ! ಇಂಗ್ಲಿಷಿನಲ್ಲಿ ಕಂಡ ಅದೇ ವಿನ್ಯಾಸ ನಮ್ಮ ಮನೆಯ ಅಂಗಳದಲ್ಲಿಯೇ ಇತ್ತು.

ಎರಡು ಭಾಷೆಗಳಿಗೂ ಇದರಲ್ಲಿ ರಕ್ತಸಂಬಂಧವಿದೆಯೆಂದು ಯಾರೂ ಭಾವಿಸಬಾರದು. ಕಾರಣಗಳು ಬೇರೆ. ಅಲ್ಲಿ ಕ್ರಿಯಾಪದದ ಧ್ವನಿ ಮೃದುವಾಯಿತು. ಇಲ್ಲಿ ಧಾತುವಿನ ಡಕಾರಕ್ಕೆ ಪ್ರತ್ಯಯ ಸೇರಿ ನಾಮದ ಧ್ವನಿ ಗಟ್ಟಿಯಾಯಿತು. ತಮಿಳಿನ ‘ಆಟ್ಟಂ’, ‘ಓಟ್ಟಂ’ ಎಂಬ ರೂಪಗಳಲ್ಲಿ ಆ ಒತ್ತು ಇಂದಿಗೂ ಕೇಳುತ್ತದೆ. ದಾರಿಗಳು ಬೇರೆಯಾದರೂ ತಲುಪಿದ ಊರು ಒಂದೇ ರೀತಿ ಇದ್ದರೆ, ಪಾಠ ಹೇಳುವವನಿಗೆ ಅದಕ್ಕಿಂತ ದೊಡ್ಡ ಸಹಾಯ ಯಾವುದು?

ಆಟ, ಓಟ, ನೋಟಗಳನ್ನು ನಮ್ಮ ಶಾಲಾ ವ್ಯಾಕರಣ ಕೃದಂತ ಭಾವನಾಮಗಳೆಂದು ಕರೆಯುತ್ತದೆ. 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಧಾತುಗಳನ್ನೂ ಅವುಗಳಿಂದ ಹುಟ್ಟುವ ನಾಮಗಳನ್ನೂ ವಿವೇಚಿಸಿದ್ದಾನೆ. ಆ ಗ್ರಂಥವನ್ನು 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಪ್ರಕಟಿಸಿದವರು, ಮುಂದೆ 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟ ಜರ್ಮನ್ ವಿದ್ವಾಂಸ ಕಿಟ್ಟೆಲ್. ದೂರದಿಂದ ಬಂದವರೊಬ್ಬರು ನಮ್ಮ ಧಾತುಗಳನ್ನು ಒಂದೊಂದಾಗಿ ಆರಿಸಿ ಇಂಗ್ಲಿಷಿನ ಪಕ್ಕದಲ್ಲಿ ಇಟ್ಟು ನೋಡಿದರು. ಇಲ್ಲಿಯೇ ಹುಟ್ಟಿದ ನಾನು ನೋಡಲಿಲ್ಲ. ನನ್ನ ಪಕ್ಕದ ಕೊಠಡಿಯಲ್ಲಿ ಕನ್ನಡ ಪಂಡಿತರು ‘ಆಡು ಧಾತುವಿನಿಂದ ಆಟ’ ಎಂದು ಹೇಳಿಕೊಡುತ್ತಿದ್ದ ಧ್ವನಿ ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು. ಅದೇ ಹೊತ್ತಿನಲ್ಲಿ ಈಚೆಯ ಕೊಠಡಿಯಲ್ಲಿ ನಾನು ನೂರು ಸಲ ಬರೆಸುತ್ತಿದ್ದೆ. ಒಂಬತ್ತು ಅಂಗುಲದ ಆ ಗೋಡೆಯನ್ನು ಮೂವತ್ತು ವರ್ಷ ದಾಟಲಿಲ್ಲ.

ಮೂರನೆಯ ತಪ್ಪಾದ ಬಹುವಚನಕ್ಕೂ ಕನ್ನಡವೇ ಕಾರಣ, ಕನ್ನಡವೇ ಪರಿಹಾರ. ನಮ್ಮಲ್ಲಿ ‘ಸಲಹೆಗಳು’ ಶುದ್ಧವಾದ ಪ್ರಯೋಗ. ಆದ್ದರಿಂದ ಮಗು ‘ಅಡ್ವೈಸಸ್’ ಎಂದಿತು. ಆದರೆ ನಾವು ‘ಹಾಲುಗಳು’ ಎನ್ನುತ್ತೇವೆಯೇ? ‘ಎರಡು ಲೋಟ ಹಾಲು’, ‘ಮೂರು ಸೇರು ಅಕ್ಕಿ’ ಎಂದು ಅಳೆಯುತ್ತೇವೆ. ಇಂಗ್ಲಿಷಿನವರಿಗೆ ಸಲಹೆಯು ಹಾಲಿನಂತೆ. ಎಣಿಸುವ ವಸ್ತುವಲ್ಲ, ಅಳೆಯುವ ವಸ್ತು. ಅದಕ್ಕಾಗಿ ‘ಎ ಪೀಸ್ ಆಫ್ ಅಡ್ವೈಸ್’, ಎರಡಾದರೆ ‘ಟೂ ಪೀಸಸ್ ಆಫ್ ಅಡ್ವೈಸ್’. ‘ಇನ್‌ಫರ್ಮೇಶನ್’, ‘ಫರ್ನಿಚರ್’, ‘ಲಗೇಜ್’ ಪದಗಳೂ ಇದೇ ಹಾಲಿನ ಜಾತಿಗೆ ಸೇರಿದವು. ಇಷ್ಟನ್ನು ಅಂದು ಹೇಳಿದ್ದರೆ ಐದು ನಿಮಿಷ ಸಾಕಾಗುತ್ತಿತ್ತು.

ಮಕ್ಕಳನ್ನು ದಂಡಿಸದೆ ಕಲಿಸಬಹುದೆಂದು ನನಗೆ ಯಾರೂ ಹೇಳಲಿಲ್ಲವೆಂದರೆ ಸುಳ್ಳಾಗುತ್ತದೆ. ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಉಪಾಧ್ಯಾಯರ ತರಬೇತಿಗಾಗಿ 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು. ಈಗ ಅದು ನಮ್ಮ ಕೆಂಗೇರಿಯ ದಾರಿಯ ಜ್ಞಾನಭಾರತಿ ಆವರಣದಲ್ಲಿದೆ. ಆ ಸಂಸ್ಥೆಯ ಆಶ್ರಯದಲ್ಲಿ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಜಗತ್ತಿನ ಇಂಗ್ಲಿಷ್ ಬೋಧಕರಲ್ಲಿ ಅದು ‘ಬೆಂಗಳೂರು ಯೋಜನೆ’ ಎಂದೇ ಪ್ರಸಿದ್ಧ. 1987ರಲ್ಲಿ ಪ್ರಭು ಅವರ ಗ್ರಂಥವಾಗಿಯೂ ಹೊರಬಂದಿತು.

ಅವರ ತರಗತಿಯಲ್ಲಿ ವ್ಯಾಕರಣದ ಪಾಠಪಟ್ಟಿ ಇರಲಿಲ್ಲ. ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಮುಂದಿಟ್ಟು, ಮಕ್ಕಳು ಯೋಚಿಸಿ ಬಿಡಿಸಬೇಕಾದ ಸಮಸ್ಯೆಯನ್ನು ಕೊಡುತ್ತಿದ್ದರು. ಮೊದಲು ಅಂಥದೊಂದನ್ನು ಇಡೀ ತರಗತಿಯೊಡನೆ ಮಾತನಾಡುತ್ತ ಬಿಡಿಸುವುದು, ಬಳಿಕ ಇನ್ನೊಂದನ್ನು ಪ್ರತಿಯೊಬ್ಬರೂ ತಾವೇ ಬಿಡಿಸುವುದು. ಮಗುವಿನ ಭಾಷೆಯಲ್ಲಿ ತಪ್ಪು ಬಂದರೆ ಉಪಾಧ್ಯಾಯರು ಮಾತಿನ ಓಟದಲ್ಲಿಯೇ ಸರಿಪಡಿಸಿ ಮುಂದೆ ಸಾಗುತ್ತಿದ್ದರು. ಮನಸ್ಸು ಅರ್ಥದಲ್ಲಿ ತೊಡಗಿದ್ದಾಗ ವ್ಯಾಕರಣ ಒಳಗೊಳಗೆ ಕೂಡಿಬರುತ್ತದೆ ಎಂಬುದು ಅವರ ನಂಬಿಕೆ. ಆ ನಂಬಿಕೆಯ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ, ಇರಲಿ. ನಮ್ಮದೇ ಊರಿನಿಂದ ಹೊರಟ ಆ ಮಾತನ್ನು 1983ರಲ್ಲಿ ತರಬೇತಿಯೊಂದರಲ್ಲಿ ನಾನೂ ಕೇಳಿದ್ದೆ. ‘ಇದೆಲ್ಲ ಪುಸ್ತಕದ ಬದನೆಕಾಯಿ’ ಎಂದು ಹೇಳಿ ಕೆಂಪು ಶಾಯಿಗೆ ಮರಳಿದೆ.

2007–08ರಿಂದ ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತು. ನಿಮ್ಮಲ್ಲಿ ಹಲವರು ಈಗ ಉಪಾಧ್ಯಾಯರು. ಹಲವರು ಮಕ್ಕಳಿಗೆ, ಮೊಮ್ಮಕ್ಕಳಿಗೆ ಮನೆಪಾಠ ಹೇಳುವವರು. ನಿಮ್ಮಲ್ಲಿ ನನ್ನದೊಂದು ವಿನಂತಿ. ಮಗು ತಪ್ಪು ಬರೆದಾಗ, ಅದು ಕನ್ನಡದ ಯಾವ ನಿಯಮವನ್ನು ಸರಿಯಾಗಿ ಪಾಲಿಸಿ ಆ ತಪ್ಪಿಗೆ ಬಂದಿದೆ ಎಂದು ಮೊದಲು ನೋಡಿರಿ. ಅನೇಕ ಸಲ ಉತ್ತರ ಸಿಗುತ್ತದೆ. ದಡ್ಡತನವೆಂದು ನಾನು ಕರೆದದ್ದು ಎಷ್ಟೋ ಸಲ ಮಾತೃಭಾಷೆಯ ನಿಷ್ಠೆಯಾಗಿತ್ತು.

ಪತ್ರ ಬರೆದ ಮಹನೀಯರಿಗೆ ಉತ್ತರ ಕಳುಹಿಸಿದ್ದೇನೆ. ಮಗಳ ವಿಷಯಕ್ಕೆ ನನಗೆ ತೋರಿದ್ದನ್ನು ಬರೆದು, ಕೊನೆಯಲ್ಲಿ ಈ ಸಾಲುಗಳನ್ನು ಸೇರಿಸಿದೆ: ‘ಆಟಕ್ಕೆ ಟಕಾರ, ಆಡುವುದಕ್ಕೆ ಡಕಾರ. ಹಾಗೆಯೇ ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್. ಕ್ರಿಯೆಯಲ್ಲಿ ಗಂಟಲು ನಡುಗುತ್ತದೆ. ಇನ್ನು ಮೇಲೆ ಕೈ ನಡುಗಬೇಕಾಗಿಲ್ಲ. ಅಂದು ನಿಮ್ಮನ್ನು ತರಗತಿಯ ಎದುರು ನಿಲ್ಲಿಸಿದ್ದು ನನ್ನ ತಪ್ಪು. ಕ್ಷಮಿಸಿರಿ.’

ಎರಡು ದಿನಗಳ ನಂತರ ಒಂದೇ ಸಾಲಿನ ಮರುಪತ್ರ ಬಂದಿತು, ಇಂಗ್ಲಿಷಿನಲ್ಲಿ: ‘ಥ್ಯಾಂಕ್ ಯು ಫಾರ್ ಯುವರ್ ಅಡ್ವೈಸ್, ಸರ್.’ ಸಿ ಸರಿಯಾಗಿತ್ತು. ನಲವತ್ತು ವರ್ಷಗಳ ಕೆಂಪು ಶಾಯಿಗಿಂತ ಆ ಒಂದು ಅಕ್ಷರ ನನಗೆ ಹೆಚ್ಚು ಸಂತೋಷ ಕೊಟ್ಟಿತು.

ಅಂದು ನನ್ನೆದುರು ನಿಂತ ಉಳಿದವರೂ ಇದನ್ನು ಓದುತ್ತಿದ್ದರೆ, ಆ ಕ್ಷಮಾಪಣೆ ನಿಮಗೂ ಸಲ್ಲುತ್ತದೆ.

ಎಲ್ಲರಿಗೂ ಒಳ್ಳೆಯದಾಗಲಿ.

ನಿಮ್ಮ ಹಳೆಯ ಇಂಗ್ಲಿಷ್ ಮೇಷ್ಟ್ರು