ದಂತಧಾವನವೂ ಯಲಬುರ್ಗಾ ಸೀಮೆಯ ನೀರೂ

ಬೆಳಗಿನಲ್ಲಿ ಬಾಯನ್ನು ಶುಚಿಗೊಳಿಸಿದ ಹೊರತು ಅನ್ನವನ್ನು ಮುಟ್ಟಬಾರದೆಂಬ ನಿಯಮವು ಕನ್ನಡನಾಡಿನ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇಂತಹ ನಿಯಮವನ್ನು ತಪ್ಪದೆ ನಡೆಯಿಸುವ ಮನೆಗಳ ಮಕ್ಕಳಲ್ಲಿಯೂ ಯಲಬುರ್ಗಾ, ಕುಷ್ಟಗಿ ಸೀಮೆಯ ಅನೇಕ ಗ್ರಾಮಗಳಲ್ಲಿ ಹಲ್ಲುಗಳು ಹಳದಿಗಟ್ಟಿ, ಕಂದುಬಣ್ಣದ ಅಡ್ಡಗೆರೆಗಳಿಂದ ಕೂಡಿರುವುದು ಕಂಡುಬರುತ್ತದೆ. ಇದು ಹಲ್ಲುಜ್ಜದ ಮಗುವಿನ ತಪ್ಪೇ, ಅಥವಾ ಕಾರಣವು ಬೇರೊಂದೇ? ದಂತಧಾವನದ ಚರಿತ್ರೆಯನ್ನೂ ಕುಡಿಯುವ ನೀರಿನ ಚರಿತ್ರೆಯನ್ನೂ ಜೊತೆಗಿರಿಸಿ ನೋಡಿದರಲ್ಲದೆ ಇದಕ್ಕೆ ಸರಿಯಾದ ಉತ್ತರವು ದೊರೆಯದು.

ದಂತರಕ್ಷಣೆಯ ವಿಷಯದಲ್ಲಿ ಪ್ರಾಚೀನರು ಉದಾಸೀನರಾಗಿರಲಿಲ್ಲ. ದಿನಕ್ಕೆ ಎರಡು ಹೊತ್ತು ಹಲ್ಲುಜ್ಜಬೇಕೆಂದೂ, ಕಡ್ಡಿಯ ತುದಿಯನ್ನು ಜಜ್ಜಿ ಮೆತ್ತಗೆ ಮಾಡಿ ವಸಡಿಗೆ ನೋವಾಗದಂತೆ ತಿಕ್ಕಬೇಕೆಂದೂ ಚರಕಸಂಹಿತೆಯು ವಿಧಿಸುತ್ತದೆ. ಎಣ್ಣೆಯನ್ನು ಮುಕ್ಕಳಿಸುವುದರಿಂದ ವಸಡು ಬಲಗೊಳ್ಳುವುದೆಂಬುದೂ ಅಲ್ಲಿ ಉಕ್ತವಾಗಿದೆ. ಸುಶ್ರುತಸಂಹಿತೆಯು ಕಡ್ಡಿಯ ಅಳತೆಯನ್ನೇ ಹೇಳುತ್ತದೆ: ಉದ್ದ ಹನ್ನೆರಡು ಅಂಗುಲ, ದಪ್ಪ ಕಿರುಬೆರಳಿನಷ್ಟು. ಕಹಿಯಾದವುಗಳಲ್ಲಿ ಬೇವು, ಒಗರಾದವುಗಳಲ್ಲಿ ಕಗ್ಗಲಿ, ಸಿಹಿಯಾದವುಗಳಲ್ಲಿ ಇಪ್ಪೆ, ಕಾರವಾದವುಗಳಲ್ಲಿ ಹೊಂಗೆ ಶ್ರೇಷ್ಠವೆಂದು ಅದರ ಮತ.

ಶಾಸ್ತ್ರಗಳನ್ನು ಓದದ ಒಕ್ಕಲುಮನೆಗಳಲ್ಲಿಯೂ ಈ ಆಚಾರವು ಉಳಿದುಬಂದಿತು. ಹೊಲದ ದಾರಿಯಲ್ಲಿ ಮುರಿದುಕೊಂಡ ಬೇವಿನ ಅಥವಾ ಜಾಲಿಯ ಕಡ್ಡಿ, ಒಲೆಯ ಕುಳ್ಳಿನ ಬೂದಿ, ಇದ್ದಲಿನ ಪುಡಿ, ಉಪ್ಪು, ಊಟವಾದೊಡನೆ ಬಾಯಿ ಮುಕ್ಕಳಿಸುವ ರೂಢಿ, ಇವೇ ಹಳ್ಳಿಗರ ದಂತವೈದ್ಯವಾಗಿದ್ದವು. ೧೯೧೩ರಲ್ಲಿ ನಂಜನಗೂಡಿನಲ್ಲಿ ಸ್ಥಾಪಿತವಾದ ಸದ್ವೈದ್ಯಶಾಲೆಯ ಹಲ್ಲುಪುಡಿಯು ಮುಂದೆ ಮನೆಮಾತಾಯಿತು. ಹಳೆಯದೆಲ್ಲವೂ ಹಿತವೆಂದು ಮಾತ್ರ ತಿಳಿಯಬಾರದು. ಒರಟಾದ ಬೂದಿ, ಇದ್ದಲುಗಳು ಹಲ್ಲಿನ ಮೇಲ್ಪದರವನ್ನು ಸವೆಯಿಸುತ್ತವೆ. ಹೊಗೆಸೊಪ್ಪಿನ ಪುಡಿಯಿಂದ ಹಲ್ಲುಜ್ಜುವ ಚಟವಂತೂ ವಸಡನ್ನು ಕೆಡಿಸುವುದಲ್ಲದೆ ಬಾಯಿಯ ಅರ್ಬುದರೋಗಕ್ಕೂ ಕಾರಣವಾಗುತ್ತದೆ.

ಇನ್ನು ನೀರಿನ ವಿಚಾರ. ಯಲಬುರ್ಗಾ ಹನ್ನೆರಡನೆಯ ಶತಮಾನದಲ್ಲಿ ಎರಂಬರಗೆಯೆಂಬ ಹೆಸರಿನಿಂದ ಸಿಂದ ಅರಸರ ರಾಜಧಾನಿಯಾಗಿದ್ದಿತು. ಸಮೀಪದ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ೧೧೧೨ರಲ್ಲಿ ದೇವಾಲಯವನ್ನು ಕಟ್ಟಿಸಿದನು. ಅದರ ಬಳಿಯ ಪುಷ್ಕರಣಿಯು ಇಂದಿಗೂ ಇದೆ. ನದಿಯಿಲ್ಲದ ಈ ಎತ್ತರದ ಭೂಮಿಯಲ್ಲಿ ಕೆರೆಬಾವಿಗಳೇ ಜೀವನಾಧಾರ. ಚಾವುಂಡರಾಯನು ೧೦೨೫ರಲ್ಲಿ ರಚಿಸಿದ ಲೋಕೋಪಕಾರದಲ್ಲಿ ಅಂತರ್ಜಲವನ್ನು ಗುರುತಿಸುವ ಕ್ರಮಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಸಿಹಿನೀರು, ಉಪ್ಪುನೀರುಗಳ ಭೇದವನ್ನು ನಾಲಗೆಯು ಬಲ್ಲುದು. ಆದರೆ ರುಚಿಯೂ ಬಣ್ಣವೂ ವಾಸನೆಯೂ ಇಲ್ಲದ ದೋಷವನ್ನು ಯಾವ ನಾಲಗೆಯು ಅರಿತೀತು?

ಆ ದೋಷವನ್ನು ಲೋಕವು ಅರಿತುದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಪಟ್ಟಣದಲ್ಲಿ ೧೯೦೧ರಲ್ಲಿ ವೃತ್ತಿಯನ್ನಾರಂಭಿಸಿದ ದಂತವೈದ್ಯ ಮೆಕೇ ಎಂಬಾತನು ಅಲ್ಲಿ ಬೆಳೆದ ಮಕ್ಕಳ ಹಲ್ಲುಗಳು ಕಂದುಕಲೆಗಳಿಂದ ಕೂಡಿದ್ದುದನ್ನು ಕಂಡು, ಹಲವು ವರ್ಷಗಳ ಶೋಧನೆಯಿಂದ ನೀರೇ ಕಾರಣವೆಂದು ನಿಶ್ಚಯಿಸಿದನು. ಐಡಹೊ ಪ್ರಾಂತದ ಓಕ್ಲಿ ಎಂಬ ಊರಿನವರು ೧೯೨೫ರಲ್ಲಿ ಹಳೆಯ ನೀರನ್ನು ಬಿಟ್ಟು ಬೇರೆ ಊಟೆಯ ನೀರನ್ನು ತಂದರು. ಕೆಲವೇ ವರ್ಷಗಳಲ್ಲಿ ಕಿರಿಯ ಮಕ್ಕಳ ಹೊಸ ಹಲ್ಲುಗಳು ಕಲೆಯಿಲ್ಲದೆ ಮೂಡಿದವು. ೧೯೩೧ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞನು ಆ ದೋಷದ ಹೆಸರನ್ನು ಕಂಡುಹಿಡಿದನು: ಫ್ಲೋರೈಡ್. ೧೯೩೭ರಲ್ಲಿ ಆಗಿನ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಲ್ಲಿ ಇದೇ ವ್ಯಾಧಿಯು, ಮೂಳೆಕೀಲುಗಳನ್ನು ಬಿಗಿಯಿಸುವಷ್ಟು ತೀವ್ರರೂಪದಲ್ಲಿ, ವರದಿಯಾಯಿತು.

ಯಲಬುರ್ಗಾ ಸೀಮೆಯ ಕಗ್ಗಲ್ಲಿನ ಬಂಡೆಗಳಲ್ಲಿ ಫ್ಲೋರೈಡುಳ್ಳ ಖನಿಜಗಳಿವೆ. ಮಳೆಯ ನೀರು ಕೆರೆಯಲ್ಲಿ ನಿಂತರೆ ಬಂಡೆಯ ಸಹವಾಸವು ಅಲ್ಪ. ಆಳದ ಬಿರುಕುಗಳಲ್ಲಿ ವರ್ಷಾನುಗಟ್ಟಲೆ ನಿಂತ ನೀರು ಬಂಡೆಯ ಗುಣವನ್ನು ಹೀರುತ್ತದೆ. ೧೯೫೩ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ ಕಾಲುವೆಗಳು ಗಂಗಾವತಿಯ ಬಯಲನ್ನು ಹಸುರಾಗಿಸಿದವು. ಯಲಬುರ್ಗೆಯ ದಿನ್ನೆಗಳಿಗೆ ಆ ನೀರು ಏರಲಿಲ್ಲ. ಕೆರೆಗಳು ಹೂಳಿದವು, ಜನರು ಆಳವಾದ ಕೊಳವೆಬಾವಿಗಳನ್ನು ನೆಚ್ಚಿದರು. ಒಂದು ಲೀಟರಿಗೆ ೧.೫ ಮಿಲಿಗ್ರಾಮಿಗಿಂತ ಹೆಚ್ಚಾದ ಫ್ಲೋರೈಡ್ ಇರಕೂಡದೆಂಬುದು ಅಂಗೀಕೃತ ಮಿತಿ. ಅದನ್ನು ಮೀರಿದ ನೀರನ್ನು ಕುಡಿದ ಎಳೆಯರ ದವಡೆಯೊಳಗೆ ರೂಪುಗೊಳ್ಳುತ್ತಿರುವ ಹಲ್ಲುಗಳು, ಮೂಡುವ ಮೊದಲೇ ಕಲೆಯನ್ನು ಹೊತ್ತುಕೊಳ್ಳುತ್ತವೆ. ಆ ಕಲೆಯು ಹೊರಗಿನ ಕೊಳೆಯಲ್ಲವಾದುದರಿಂದ ಯಾವ ಕಡ್ಡಿಯಿಂದಲೂ ಯಾವ ಪುಡಿಯಿಂದಲೂ ಹೋಗದು.

ಹೀಗಿರಲು, ನಗುವಾಗ ಬಾಯಿಗೆ ಕೈಯಡ್ಡ ಹಿಡಿಯುವ ಬಾಲಕಿಯನ್ನು ಹಲ್ಲುಜ್ಜಲಿಲ್ಲವೆಂದು ಗದರಿಸುವುದು ಅನ್ಯಾಯವೇ ಸರಿ. ಆಕೆ ಬೂದಿಯಿಂದ ಮತ್ತಷ್ಟು ಉಜ್ಜಿದರೆ ಕಲೆ ಉಳಿದು ಹಲ್ಲು ಸವೆಯುವುದು. ನೀರನ್ನು ಕುದಿಸುವುದರಿಂದಲೂ ಈ ದೋಷವು ಹೋಗದು. ನೀರು ಇಂಗಿದಷ್ಟೂ ಅದು ಸಾಂದ್ರವಾಗುವುದು. ಪರೀಕ್ಷಿಸಿದ ನೀರು, ಶುದ್ಧೀಕರಿಸಿದ ನೀರು, ಮಾಳಿಗೆಯ ಮೇಲೆ ಬಿದ್ದು ಶುಚಿಯಾಗಿ ಸಂಗ್ರಹವಾದ ಮಳೆಯ ನೀರು, ಇವನ್ನು ಶಿಶುಗಳಿಗೂ ಎಳೆಯ ಮಕ್ಕಳಿಗೂ ಮೊದಲು ಮೀಸಲಿಡುವುದೇ ತಕ್ಕ ಉಪಾಯ.

ಆದರೂ ದಂತಧಾವನವು ವ್ಯರ್ಥವೆಂದು ಯಾರೂ ಭಾವಿಸಬಾರದು. ಹುಳುಕನ್ನೂ ವಸಡಿನ ರಕ್ತಸ್ರಾವವನ್ನೂ ತಡೆಯಲು ಎರಡು ಹೊತ್ತಿನ ಮೃದುವಾದ ಮಾರ್ಜನಕ್ಕಿಂತ ಮಿಗಿಲಾದ ನಿತ್ಯಕರ್ಮವಿಲ್ಲ. ಬಾಯಿಯ ಶುಚಿಯು ಪ್ರತಿಯೊಬ್ಬನ ಕೈಯಲ್ಲಿದೆ. ನೀರಿನ ಶುಚಿಯು ಊರೆಲ್ಲರ ಕೈಯಲ್ಲಿದೆ. ಮೊದಲನೆಯದನ್ನು ಹಿರಿಯರು ಕಲಿಸಿಹೋದರು; ಎರಡನೆಯದನ್ನು ನೆರವೇರಿಸುವುದು ಈ ತಲೆಮಾರಿನವರ ಪಾಲಿಗೆ ಬಂದಿರುವ ಕರ್ತವ್ಯ.