ಒಂದೇ ಹೆಸರಿನ ಎರಡು ಕಜ್ಜಿ

ಕಳೆದ ಚಳಿಗಾಲದಲ್ಲಿ ಪುಣೆಯ ನಮ್ಮ ಮನೆಯ ಬೆಕ್ಕಿನ ಕಿವಿಯಂಚಿನಲ್ಲಿ ಬೂದು ಬಣ್ಣದ ಹಕ್ಕಳೆ ಕಟ್ಟತೊಡಗಿತು. ಕೆಲವೇ ದಿನಗಳಲ್ಲಿ ಅದು ಹಣೆಗೆ, ಕುತ್ತಿಗೆಗೆ ಹಬ್ಬಿತು. ಬೆಕ್ಕು ರಾತ್ರಿಯಿಡೀ ಕೆರೆದುಕೊಳ್ಳುತ್ತಿತ್ತು. ಪಕ್ಕದ ಮನೆಯವರು ನೋಡಿ ‘ಖರೂಜ್’ ಎಂದರು. ಮರಾಠಿಯ ಖರೂಜ್, ನಮ್ಮ ಕಜ್ಜಿ ಎರಡೂ ಸಂಸ್ಕೃತದ ‘ಖರ್ಜು’ವಿಗೆ ನೆಂಟರು. ಹೆಸರು ಅಷ್ಟು ಹಳೆಯದು. ಕಾರಣ ಗೊತ್ತಾಗಿದ್ದು ಮಾತ್ರ ಬಹಳ ತಡವಾಗಿ.

1687ರಲ್ಲಿ ಇಟಲಿಯ ಲಿವೊರ್ನೊ ಬಂದರಿನ ವೈದ್ಯ ಜೊವಾನ್ನಿ ಕೊಸಿಮೊ ಬೊನೊಮೊ ಒಂದು ಪತ್ರ ಪ್ರಕಟಿಸಿದ. ಕಜ್ಜಿ ಹತ್ತಿದ ಮಕ್ಕಳ ಚರ್ಮದಿಂದ ಬಡ ಹೆಂಗಸರು ಸೂಜಿಯಲ್ಲಿ ಏನನ್ನೋ ಹೆಕ್ಕಿ ತೆಗೆಯುವುದನ್ನು ಅವನು ಗಮನಿಸಿದ್ದ. ಔಷಧ ವ್ಯಾಪಾರಿ ದಿಯಾಚಿಂಟೊ ಚೆಸ್ತೋನಿಯ ಜೊತೆ ಸೇರಿ ಅದನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಂಡದ್ದು ಆಮೆಯಂಥ ಪುಟ್ಟ ಜೀವಿ. ಅದು ಮೊಟ್ಟೆ ಇಡುವುದನ್ನೂ ನೋಡಿದರು. ಆದರೆ ಕಜ್ಜಿ ಬರುವುದು ದೇಹದೊಳಗಿನ ಕೆಟ್ಟ ರಸಗಳಿಂದ ಎಂದು ನಂಬಿದ್ದ ಪಂಡಿತರು ಕಿವಿಗೊಡಲಿಲ್ಲ. 1834ರಲ್ಲಿ ಕಾರ್ಸಿಕಾ ದ್ವೀಪದ ವಿದ್ಯಾರ್ಥಿ ರೆನುಚಿ, ತನ್ನೂರಿನ ಹೆಂಗಸರು ಮಾಡುತ್ತಿದ್ದಂತೆಯೇ, ಪ್ಯಾರಿಸ್ಸಿನ ವೈದ್ಯರೆದುರು ಸೂಜಿಯಿಂದ ಹುಳ ತೆಗೆದು ತೋರಿಸಿದ ಮೇಲೆಯೇ ವಾದ ಮುಗಿದದ್ದು.

ನಾಲ್ಕು ವರ್ಷಗಳ ನಂತರ, 1838ರಲ್ಲಿ, ಜರ್ಮನಿಯ ಪಶುವೈದ್ಯ ಹೆರಿಂಗ್ ಬೆಕ್ಕಿನ ಕಜ್ಜಿಯ ನುಸಿಯನ್ನು ಬೇರೆಯೇ ಆಗಿ ವರ್ಣಿಸಿದ. ಇಂದು ಅದರ ಹೆಸರು ನೋಟೊಎಡ್ರೀಸ್ ಕ್ಯಾಟಿ. ಇದು ಜೇಡನ ಬಳಗದ ಜೀವಿ, ಕೀಟವಲ್ಲ. ಹೆಣ್ಣು ನುಸಿ ಚರ್ಮ ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಕಿವಿಯಂಚಿನಿಂದ ಶುರುವಾಗಿ ಮುಖಕ್ಕೆ, ಪಂಜಕ್ಕೆ ಹರಡುವುದು ಇದರ ಗುರುತು. ಕಿವಿಯೊಳಗೆ ಕಾಫಿ ಚರಟದಂಥ ಕಪ್ಪು ಗುಗ್ಗೆ ಇದ್ದರೆ ಅದು ಇನ್ನೊಂದು ನುಸಿಯ ಕೆಲಸ.

ಮನೆಯಲ್ಲಿ ಮನುಷ್ಯರ ಕಜ್ಜಿಗೆ ತಂದಿದ್ದ ಪರ್ಮೆಥ್ರಿನ್ ಮುಲಾಮು ಇತ್ತು. ಕಜ್ಜಿ ಕಜ್ಜಿಯೇ ತಾನೆ ಎಂದು ಟ್ಯೂಬಿನ ಮುಚ್ಚಳ ತೆಗೆದಿದ್ದೆ. ಪಶುವೈದ್ಯರು ಫೋನಿನಲ್ಲಿ, “ಹಚ್ಚಲೇಬೇಡಿ” ಎಂದರು. ಬೆಕ್ಕಿನ ಯಕೃತ್ತು ಪರ್ಮೆಥ್ರಿನ್ನನ್ನು ಬೇಗ ಒಡೆದು ಹೊರಹಾಕಲಾರದು; ನಡುಕ, ಸೆಳವು ಬಂದು ಬೆಕ್ಕು ಸಾಯಬಹುದು.

ಅವರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನುಸಿಯನ್ನು ಖಚಿತಪಡಿಸಿಕೊಂಡು, ಕತ್ತಿನ ಹಿಂದೆ ಹಾಕುವ ಸೆಲಮೆಕ್ಟಿನ್ ಹನಿ ಕೊಟ್ಟರು. ಇದು ಐವರ್ಮೆಕ್ಟಿನ್‌ನ ಬಳಗದ ಮದ್ದು. ಜಪಾನಿನ ಸತೋಶಿ ಒಮುರಾ ಮಣ್ಣಿನಲ್ಲಿ ಕಂಡ ಬ್ಯಾಕ್ಟೀರಿಯಾದಿಂದ ಆ ಬಳಗ ಬಂತು. ಅದಕ್ಕಾಗಿ ಅವರಿಗೂ ವಿಲಿಯಂ ಕ್ಯಾಂಪ್‌ಬೆಲ್‌ಗೂ 2015ರ ನೊಬೆಲ್ ಸಂದಿತು. ಹಾಗೆಂದು ಐವರ್ಮೆಕ್ಟಿನ್ನನ್ನು ಅಂದಾಜಿನಲ್ಲಿ ಕೊಡುವಂತಿಲ್ಲ. ಪ್ರಮಾಣ ಮೀರಿದರೆ ಅದೂ ವಿಷವೇ. ಮನೆಯ ಎಲ್ಲ ಬೆಕ್ಕುಗಳಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು, ಹಾಸಿಗೆಬಟ್ಟೆ ಬಿಸಿನೀರಿನಲ್ಲಿ ಒಗೆಯಬೇಕು. ನಮಗೂ ಕೆಲದಿನ ತುರಿಕೆ ತಾಗಬಹುದು.

ಈಗ ಬೆಕ್ಕಿನ ಕಿವಿಯ ಮೇಲೆ ಹೊಸ ಕೂದಲು ಬಂದಿದೆ. ಪದಗಳೇ ನನ್ನ ಕಸುಬು. ಆದರೂ ಆ ಸಂಜೆ ಒಂದು ಪದವನ್ನು ನಂಬಿ ಮೋಸ ಹೋಗುವುದರಲ್ಲಿದ್ದೆ. ಲಿವೊರ್ನೊದ ಹೆಂಗಸರು ಹೆಸರನ್ನು ನೆಚ್ಚಿಕೊಂಡು ಕೂರಲಿಲ್ಲ. ಚರ್ಮವನ್ನೇ ಹತ್ತಿರದಿಂದ ನೋಡಿದರು.